ಹೊರುವ ಸರದಿ

ಅತಂಪುಗ್ರೆಯ ನಡುನೆತ್ತಿಯಲ್ಲಿ ಕೂದಲಿಲ್ಲ. ವಯಸ್ಸಾಗಿ ಉದುರಿದ್ದಲ್ಲ, ಹೊರೆ ಕೂತು ಕೂತು ಸವೆದದ್ದು. ಅಂಗೈಯಗಲದ ಆ ಜಾಗ ನೊಗ ಹೊತ್ತ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದೆ. ಅಲ್ಲಿ ಮೊದಲು ಕೂತವನು ಇಂಗ್ಲಿಷರ ರಾಜ. ಬರ್ಮಾದ ಕಾಡಿನಲ್ಲಿ ಹೇಸರಗತ್ತೆಯೂ ಹೋಗದ ದಾರಿಯಲ್ಲಿ ರಾಜನ ಗುಂಡಿನ ಪೆಟ್ಟಿಗೆಗಳನ್ನು ಹೊತ್ತು ನಡೆದದ್ದು ಈ ತಲೆ. ಯುದ್ಧ ಮುಗಿಯಿತು, ಪೆಟ್ಟಿಗೆ ಇಳಿಯಿತು. ಹೇಲಿನ ಬಾನಿ ಏರಿತು.

ಅನೊಮಾಕ್ರಮ್ ಪಶ್ಚಿಮ ಆಫ್ರಿಕಾದ ಕಡಲ ದಂಡೆಯ ಊರು. ಅಲ್ಲಿನ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಕಕ್ಕಸು, ಕಕ್ಕಸಿನ ಕೆಳಗೊಂದು ತಗಡಿನ ಡಬ್ಬ, ಡಬ್ಬ ಎಳೆಯಲು ಓಣಿಯ ಕಡೆಗೊಂದು ಕಿಂಡಿ. ಅತಂಪುಗ್ರೆ ಕಿಂಡಿಗೆ ಬಗ್ಗುತ್ತಾನೆ. ಡಬ್ಬ ಎಳೆಯುತ್ತಾನೆ. ಬಾನಿಗೆ ಸುರಿಯುತ್ತಾನೆ. ಬಾನಿ ತುಂಬಿದಾಗ ಸಿಂಬಿಯಿಟ್ಟು ತಲೆಗೇರಿಸಿ ಊರಾಚೆಯ ಗುಂಡಿಗೆ ನಡೆಯುತ್ತಾನೆ. ಬಾನಿಯ ತಳ ತುಕ್ಕು ತಿಂದು ಜಲ್ಲಡಿಯಾಗಿದೆ. ಡಾಂಬರು ಮೆತ್ತಿದರೂ ಸೋರುತ್ತದೆ. ಸೋರಿದ್ದು ಕಿವಿಯ ಹಿಂದಿನಿಂದ ಇಳಿದು, ಕತ್ತಿನಲ್ಲಿ ಹರಿದು, ಬೆನ್ನಿನ ನಡುಗೆರೆಯಲ್ಲಿ ಸೇರಿ ಚಡ್ಡಿಯ ಅಂಚಿಗೆ ಬರುತ್ತದೆ. ಒರೆಸಿಕೊಳ್ಳುವಂತಿಲ್ಲ. ಎರಡೂ ಕೈ ಮೇಲಿರುತ್ತವೆ.

ಉತ್ತರದ ಒಣ ನೆಲದವನು ಅವನು. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳೆಲ್ಲ ಸತ್ತಿದ್ದವು. ಇವನನ್ನಾದರೂ ಸಾವು ಮೂಸದೆ ಬಿಡಲಿ ಎಂದು ಅವನ ಅವ್ವ ಕೂಸನ್ನು ಕಸದ ಗುಡ್ಡೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದಿದ್ದಳು. ಅತಂಪುಗ್ರೆ ಎಂದರೆ ತಿಪ್ಪೆಯವನು. ಅವ್ವ ಸಾವಿಗೆ ಹೇಳಿದ ಆ ಸುಳ್ಳನ್ನು ಈ ಊರು ನಿಜ ಮಾಡಿತು.

ಊರಿನವರಿಗೆ ಆ ಹೆಸರೂ ಬೇಕಿರಲಿಲ್ಲ. ದಕ್ಷಿಣದವರು ಉತ್ತರದವರನ್ನೆಲ್ಲ ಕರೆಯುವ ಬೈಗುಳವೊಂದಿತ್ತು, ಪೆಪೆನಿ. ಮಕ್ಕಳು ಮೂಗು ಹಿಡಿದು "ಪೆಪೆನಿ ಬಂದ, ಪೆಪೆನಿ ಬಂದ" ಎಂದು ಓಡುತ್ತಿದ್ದವು. ಸಂತೆಯಲ್ಲಿ ಮೀನಿನವಳು ಅವನ ಕಾಸನ್ನು ನೀರು ತುಂಬಿದ ಸೋರೆಬುರುಡೆಯಲ್ಲಿ ಹಾಕಿಸಿಕೊಳ್ಳುತ್ತಿದ್ದಳು. ಮೊದಲ ಸಲ ಹಾಗೆ ಹಾಕುವಾಗ ಅವನಿಗೆ ಯುದ್ಧಕಾಲದಲ್ಲಿ ಇಂಡಿಯಾದ ಪಾಳೆಯದಲ್ಲಿ ಕಂಡ ಒಬ್ಬ ಮನುಷ್ಯ ನೆನಪಾಗಿದ್ದ. ಸಿಪಾಯಿಗಳ ಕಕ್ಕಸು ಬಳಿಯುತ್ತಿದ್ದವನು. ಇವನು ಸಿಗರೇಟು ಕೊಡಲು ಕೈ ಚಾಚಿದರೆ ಅವನು ಹಿಂದೆ ಸರಿದು, ನೆಲಕ್ಕಿಡು ಎಂದು ಸನ್ನೆ ಮಾಡಿದ್ದ. ಯಾಕೆ ಎಂದು ಆಗ ತಿಳಿದಿರಲಿಲ್ಲ.

ಹೊರುವವರೆಲ್ಲ ಒಂದೇ ವಠಾರದಲ್ಲಿದ್ದರು. ದೊಡ್ಡ ರಸ್ತೆಯ ಪಕ್ಕದಲ್ಲಿ ತಗಡಿನ ಮಾಡಿನ ಉದ್ದನೆಯ ಸಾಲು. ಅತಂಪುಗ್ರೆಯ ಹೆಂಡತಿ ಲಾರಿಬಾ ಅಲ್ಲೇ ಜೋಳ ಮೊಳಕೆ ಕಟ್ಟಿ, ಕುದಿಸಿ, ಪಿಟೊ ಎಂಬ ಕಳ್ಳು ಇಳಿಸಿ ಮಾರುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಕೊಲ್ಗೊ. ಅತಂಪುಗ್ರೆಯ ಊರಿನವನೇ, ಅವನ ಜೊತೆಯಲ್ಲೇ ಬರ್ಮಾಕ್ಕೆ ಹೋಗಿ ಬಂದವನು. ಮದುವೆಯಾಗಿರಲಿಲ್ಲ. "ನನ್ನ ವಾಸನೆಗೆ ಯಾವಳು ಬರ್ತಾಳೆ?" ಎಂದು ನಗುತ್ತಿದ್ದ. ದಿನಾ ಸಂಜೆ ಲಾರಿಬಾ ಕೊಟ್ಟ ಸಜ್ಜೆ ಮುದ್ದೆ ಮುರಿಯುತ್ತ, "ಅತ್ತಿಗೆ, ಸಾರಿಗೆ ಒಣಮೀನು ಹಾಕಿದೀಯಾ, ಇಲ್ಲ ಮೀನಿನ ಕತೆ ಹೇಳಿದೀಯಾ ಬರೇ?" ಎಂದು ಕೆಣಕುತ್ತಿದ್ದ.

ಆ ವಠಾರಕ್ಕೆ ಒಂದು ದಿನ ಅಟೊ ಬೈಡೂ ಬಂದಿದ್ದ. ಸಾವಿರದ ಒಂಬೈನೂರ ಐವತ್ತರ ಮಾತು. ಆಗ ಅವನು ಬಿಳಿಯರ ಕಚೇರಿಯಿಂದ ಹೊರದೂಡಿಸಿಕೊಂಡ ಗುಮಾಸ್ತ. ಹರಿದ ಮೆಟ್ಟು, ಕೆಂಪು ಕಣ್ಣು, ಗುಡುಗಿನ ಗಂಟಲು. ಬೋರಲು ಹಾಕಿದ ಒರಳ ಮೇಲೆ ಕೂತು, ಅಕೊಲ್ಗೊ ಎಂಜಲು ಮಾಡಿದ ಬುರುಡೆಯಿಂದಲೇ ಪಿಟೊ ಕುಡಿದ. ಊರಿನವನೊಬ್ಬ ಅವರ ಎಂಜಲು ಕುಡಿದದ್ದು ಅದೇ ಮೊದಲು.

"ನಿಮ್ಮ ಬಾನಿಯೇ ನಮ್ಮ ಫಿರಂಗಿ ಕಣ್ರಪ್ಪಾ," ಅಂದ ಬೈಡೂ. "ನಾಲ್ಕು ದಿನ ಇಳಿಸಿಡಿ. ಬಿಳಿಯರು ಮೂಗು ಮುಚ್ಕೊಂಡು ಹಡಗು ಹತ್ತಲಿಲ್ಲ ಅಂದ್ರೆ ಕೇಳಿ."

"ಅವರು ಹೋದ್ಮೇಲೆ ನಮಗೇನು?" ಎಂದು ಅಕೊಲ್ಗೊ ಕೇಳಿದ್ದ.

"ಸ್ವಾತಂತ್ರ್ಯ ಬಂದ ದಿನ ಯಾವನ ತಲೆ ಮೇಲೂ ಬಾನಿ ಇರಲ್ಲ. ಇದು ಬೈಡೂ ಮಾತು. ನಾನು ತಪ್ಪಿದ್ರೆ ನನ್ನ ಮುಖಕ್ಕೆ ಸುರೀರಿ."

ಅವರು ಇಳಿಸಿಟ್ಟರು. ಊರು ನಾರಿತು. ಬಿಳಿಯರ ಗುಡ್ಡದ ಬಂಗಲೆಗಳು ಹೆಚ್ಚು ನಾರಿದವು. ಪೊಲೀಸರು ಬಂದು ಬೈಡೂನನ್ನೂ ಅತಂಪುಗ್ರೆಯನ್ನೂ ಒಂದೇ ಲಾರಿಗೆ ಹತ್ತಿಸಿದರು. ಜೈಲಿನಲ್ಲಿ ಬೈಡೂಗೆ ಓದಲು ಪುಸ್ತಕ ಕೊಟ್ಟರು. ಅತಂಪುಗ್ರೆಗೆ ಜೈಲಿನ ಡಬ್ಬಗಳನ್ನು ಕೊಟ್ಟರು. ಬೈಡೂನ ಕೋಣೆಯ ಡಬ್ಬವೂ ಅದರಲ್ಲಿತ್ತು.

ಸ್ವಾತಂತ್ರ್ಯ ಬಂತು. ದೇಶಕ್ಕೆ ಘಾನಾ ಎಂದು ಹೊಸ ಹೆಸರು ಬಂತು. ಬಾವುಟ ಏರಿದ ರಾತ್ರಿ ಅತಂಪುಗ್ರೆ ಕುಣಿದ, ಅತ್ತ. ಮರುದಿನ ಊರಿನ ಡಬ್ಬಗಳು ಎಂದಿಗಿಂತ ಬೇಗ ತುಂಬಿದ್ದವು. ಹಬ್ಬದೂಟ. ಬಿಳಿಯ ಅಧಿಕಾರಿ ಬಿಟ್ಟು ಹೋದ ಬಂಗಲೆಗೆ ಬೈಡೂ ಸೇರಿದ, ಪುರಸಭೆಯ ಅಧ್ಯಕ್ಷನಾದ. ಕೇಳಲು ಹೋದರೆ, "ಸ್ವಲ್ಪ ತಡ್ಕೊಳ್ಳಿ. ಹೆಸರಿಗೆ ಆ ಇಂಗ್ಲೆಂಡಿನ ರಾಣಿಯೇ ಇನ್ನೂ ನಮ್ಮ ತಲೆ ಮೇಲಿದಾಳೆ. ಅವಳೂ ಹೋಗ್ಲಿ, ಗಣರಾಜ್ಯ ಆಗ್ಲಿ, ಆಮೇಲೆ ಎಲ್ಲಾ," ಅಂದ.

ಗಣರಾಜ್ಯಕ್ಕೆ ಮತ ಹಾಕಲು ಕರೆದಾಗ ಅತಂಪುಗ್ರೆ ಬೆಳಗ್ಗೆಯೇ ಸಾಬೂನು ಉಜ್ಜಿ ಮಿಂದು ಹೋಗಿ ನಿಂತ. ಸಾಲು ಉದ್ದವಿತ್ತು. ಅವನ ಮುಂದಿನವನು ಎರಡು ಹೆಜ್ಜೆ ಮುಂದೆ ಸರಿದ. ಹಿಂದಿನವನು ಎರಡು ಹೆಜ್ಜೆ ಹಿಂದೆ ಸರಿದ. ಆ ಖಾಲಿಯನ್ನು ಮುಂದೊಂದು ಹಿಂದೊಂದು ಕಟ್ಟಿಕೊಂಡೇ ಅವನು ಪೆಟ್ಟಿಗೆಯವರೆಗೆ ನಡೆದು ರಾಣಿ ಬೇಡವೆಂದು ಮತ ಹಾಕಿ ಬಂದ.

ಜುಲೈ ಒಂದಕ್ಕೆ ಗಣರಾಜ್ಯ ಎಂದು ಸಾರಿದರು. ಜೂನ್ ಮೊದಲಲ್ಲಿ ಅಕೊಲ್ಗೊ ಸತ್ತ.

ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಅವನ ತಲೆಯ ಮೇಲಿದ್ದ ಬಾನಿಯ ತಳ ಒಮ್ಮೆಗೇ ಕಿತ್ತು ಬಂತು. ಎಲ್ಲಾ ಅವನ ಮೇಲೆ ಸುರಿಯಿತು. ಕಣ್ಣು ಕಾಣದೆ ಹಿಂದಕ್ಕೆ ಹಾರಿದ. ಬಿದ್ದಿದ್ದ ತಗಡಿನ ಹಲ್ಲು ಅಂಗಾಲಿಗೆ ಇಳಿಯಿತು. ಮಹಡಿಯ ಮೇಲಿಂದ ಯಾರೋ ನಕ್ಕರು. ಯಾರೋ "ತೊಳೆದು ಹೋಗೋ!" ಎಂದು ಕೂಗಿದರು. ಅಕೊಲ್ಗೊ ಓಣಿ ತೊಳೆದ. ಆಮೇಲೆ ಕಡಲಿಗಿಳಿದು ಮೈ ತೊಳೆದ. ಗಾಯಕ್ಕೆ ಸೀಮೆಎಣ್ಣೆ, ಬೂದಿ ಮೆತ್ತಿ ಮರುದಿನ ಕುಂಟುತ್ತ ಹೊತ್ತ. ಒಂದು ವಾರವಾಗುವಾಗ ಊಟಕ್ಕೆ ಬಾಯಿ ತೆರೆಯಲು ಹೋದರೆ ದವಡೆ ಬಿಡಲಿಲ್ಲ. ಲಾರಿಬಾ ಅಂಬಲಿಯನ್ನು ಹಲ್ಲಿನ ಸಂದಿಗೆ ಹಿಂಡಿದಳು. ಗಲ್ಲದಿಂದ ಇಳಿದು ಹೋಯಿತು. ಬಾಡಿಗೆ ಕಾರಿನವನು ನಿಲ್ಲಿಸಿ, ವಠಾರ ಯಾವುದೆಂದು ನೋಡಿ, ಮತ್ತೆ ಹೊರಟ. ಅತಂಪುಗ್ರೆ ಅಕೊಲ್ಗೊನನ್ನು ಬೆನ್ನ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ನಡೆದ. ದಾರಿಯುದ್ದಕ್ಕೂ ಬೆನ್ನ ಮೇಲಿನ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿತ್ತು, ಸೆಟೆಯುತ್ತಿತ್ತು.

ವೈದ್ಯ ಹೇಳಿದ್ದು ಒಂದೇ ಮಾತು: "ತುಕ್ಕು ಕಬ್ಬಿಣ. ತಡ ಆಯ್ತು."

ಹಿಂದಿನ ಮಳೆಗಾಲದಿಂದ ಹೊರುವವರು ಹೊಸ ಬಾನಿ ಕೇಳುತ್ತಿದ್ದರು. ಚಕ್ರದ ಮೇಲೆ ಪೀಪಾಯಿ ಕೂರಿಸಿದ ಕೈಗಾಡಿ ಕೇಳುತ್ತಿದ್ದರು. ಹಣವಿಲ್ಲ ಎಂದು ಪುರಸಭೆ ಹೇಳುತ್ತಿತ್ತು. ಅಕೊಲ್ಗೊನನ್ನು ಮಣ್ಣು ಮಾಡಿ ಬರುವಾಗ ದೊಡ್ಡ ರಸ್ತೆಯ ದೀಪದ ಕಂಬಗಳಿಗೆಲ್ಲ ಬಣ್ಣ ಬಳಿಯುತ್ತಿದ್ದರು. ಕೆಂಪು, ಹಳದಿ, ಹಸಿರು. ಹೊಸ ಬಟ್ಟೆಯ ತೋರಣ ಕಟ್ಟುತ್ತಿದ್ದರು.

ಆಮೇಲೆ ಅತಂಪುಗ್ರೆಗೆ ಕೂರಲಾಗಲಿಲ್ಲ. ಹೊತ್ತು ಬಂದು ಮಿಂದವನು ಮತ್ತೆ ಎದ್ದು ಹೊರಡುತ್ತಿದ್ದ. ದಂಡೆಗೆ ಹೋಗುತ್ತಿದ್ದ, ದೋಣಿಗಳನ್ನು ನೋಡಿ ಬರುತ್ತಿದ್ದ, ಗೋರಿಗೆ ಹೋಗುತ್ತಿದ್ದ, ಬರುತ್ತಿದ್ದ. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು.

"ಇರುವೆ ಗೂಡಿನ ಮೇಲೆ ಕೂತವನ ಹಂಗೆ ಯಾಕಾಡ್ತೀಯ?" ಲಾರಿಬಾ ಗದರಿದಳು. "ಅಳೋದಾದ್ರೆ ಅತ್ತು ಮುಗ್ಸು."

"ಅಳು ಬರ್ತಿಲ್ಲ ಕಣೇ. ಕಾಲು ನಿಲ್ತಿಲ್ಲ."

ಜೂನ್ ಕೊನೆಯ ವಾರ ಒಂದು ಬೆಳಗ್ಗೆ ಗುಂಡಿಯಿಂದ ವಾಪಸು ಬಂದಾಗ ವಠಾರವೇ ಕಾಣಲಿಲ್ಲ. ರಸ್ತೆಯ ಉದ್ದಕ್ಕೂ ಆಳೆತ್ತರದ ತಟ್ಟಿ ಎದ್ದಿತ್ತು. ತೆಂಗಿನ ಮಡಲು ಹೆಣೆದು, ಗೂಟ ಹೊಡೆದು, ಹೊರಗಡೆಯಿಂದ ತೋರಣ ಸಿಕ್ಕಿಸಿದ್ದರು. ಬಾಗಿಲು ಇರಲಿಲ್ಲ. ಹಿಂದಿನ ಚರಂಡಿಯ ಕಡೆ ಮಾತ್ರ ಒಂದು ಸಂದಿ. ಒಳಗೆ ಹೆಂಗಸರು ಕತ್ತಲಾದ ಅಂಗಳದಲ್ಲಿ ನಿಂತಿದ್ದರು.

ಪುರಸಭೆಯ ಮೇಸ್ತ್ರಿ ಮೂಗಿಗೆ ಕರವಸ್ತ್ರ ಹಿಡಿದು ಅಪ್ಪಣೆ ಹೇಳಿದ: "ಹಬ್ಬ ಮುಗಿಯೋವರೆಗೆ ನಡುರಾತ್ರೀಲಿ ಮಾತ್ರ ಹೊರಬೇಕು. ದೀಪ ಹಿಡೀಬಾರದು. ಬೆಳಕು ಹರಿಯೋದ್ರೊಳಗೆ ಎಲ್ಲಾರೂ ಈ ತಟ್ಟಿ ಒಳಗಿರಬೇಕು. ಹೆಂಗಸರೂ ಅಷ್ಟೇ, ಸಂತೆ ಗಿಂತೆ ಇಲ್ಲ. ಯಾವನಾದ್ರೂ ರಸ್ತೇಲಿ ಕಂಡ್ರೆ ಕೆಲಸ ಹೋಯ್ತು ಅನ್ಕೊಳ್ಳಿ."

"ಪಿಟೊ ಕುಡಿಯೋರು ಎಲ್ಲಿಂದ ಬರ್ಬೇಕಪ್ಪಾ?" ಎಂದಳು ಲಾರಿಬಾ.

"ಚರಂಡಿಯಿಂದ ಬರ್ಲಿ."

"ಬಾನಿ?" ಅತಂಪುಗ್ರೆ ಕೇಳಿದ. "ಅಕೊಲ್ಗೊ ಬಾನಿ ಬದಲು ಬಾನಿ ಬಂತಾ?"

"ಹಬ್ಬ ಮುಗೀಲಿ ಮಾರಾಯ."

ಆ ದಿನ ಅತಂಪುಗ್ರೆ ಮೂರು ಸಲ ಮೈ ಉಜ್ಜಿಕೊಂಡ. ಉತ್ತರದಿಂದ ತಂದ ಪಟ್ಟೆ ಪಟ್ಟೆಯ ಕೈಮಗ್ಗದ ಅಂಗಿ ತೊಟ್ಟ. ಹಗಲಿನಲ್ಲೇ, ದೊಡ್ಡ ರಸ್ತೆಯಲ್ಲೇ, ನಡುಮಧ್ಯದಲ್ಲೇ ನಡೆದು ಬೈಡೂನ ಬಂಗಲೆಗೆ ಹೋದ. ಮುಂಬಾಗಿಲು ತಟ್ಟಿದ. ಅಡುಗೆಯ ಆಳು ತೆರೆದು ನೋಡಿ ಗಾಬರಿಯಾದ.

"ಲೇ, ಹಿಂದಿನಿಂದ ಬಾರೋ!"

"ಹಿಂದಿನಿಂದ ದಿನಾ ಬರ್ತೀನಿ. ಇವತ್ತು ಮುಂದಿನಿಂದ."

ಒಳಗಿನಿಂದ ಬೈಡೂನೇ ಎದ್ದು ಬಂದ. ಹೊಟ್ಟೆ ಬಂದಿತ್ತು. ಗಂಟಲು ಮಾತ್ರ ಅದೇ.

"ಓಹೋ, ನಮ್ಮ ಬರ್ಮಾ! ಬಾರಯ್ಯ," ಎಂದ. ಬಾ ಎಂದವನು ಜಗುಲಿಯಲ್ಲೇ ನಿಂತ. ಕುರ್ಚಿಗಳಿದ್ದವು. ಕೂರು ಅನ್ನಲಿಲ್ಲ.

"ಅಕೊಲ್ಗೊ ಸತ್ತ," ಅಂದ ಅತಂಪುಗ್ರೆ.

"ಕೇಳ್ದೆ. ಪಾಪ, ಒಳ್ಳೇ ಮನುಷ್ಯ."

"ನೀನು ಅವನ ಎಂಜಲು ಕುಡಿದಿದ್ದೆ. ಮಣ್ಣಿಗೆ ಬರಲಿಲ್ಲ."

"ಕೆಲಸ ಎಷ್ಟಿದೆ ಗೊತ್ತೇನಯ್ಯಾ? ರಾಜಧಾನಿಯಿಂದ ದೊಡ್ಡವರು ಬರ್ತಿದಾರೆ, ಇಲ್ಲೇ ಇಳ್ಕೋತಾರೆ. ಊರು ಚೊಕ್ಕಟ ಕಾಣಬೇಕು."

"ಅದಕ್ಕೆ ನಮಗೆ ತಟ್ಟಿ ಕಟ್ಟಿಸಿದೆ."

"ಅದರಲ್ಲಿ ತಪ್ಪೇನಿದೆ? ಬಂದವರು ನೋಡಿ ಏನಂತಾರೆ? ಇನ್ನೂ ಇವರು ಮನುಷ್ಯರ ತಲೆ ಮೇಲೆ ಹೊರಿಸ್ತಾರೆ ಅನ್ನಲ್ವಾ? ದೇಶದ ಮರ್ಯಾದೆ ಪ್ರಶ್ನೆ."

"ಹೊರಿಸೋದಕ್ಕೆ ಮರ್ಯಾದೆ ಹೋಗಲ್ಲ. ಕಂಡ್ರೆ ಹೋಗುತ್ತೆ."

ಬೈಡೂ ಕತ್ತು ಕೆರೆದುಕೊಂಡ. "ಗಾಡಿ ಬರುತ್ತೆ ಅಂದಿದೀನಲ್ಲ. ಇದೊಂದು ಮುಗೀಲಿ."

"ಹತ್ತು ವರ್ಷದಿಂದ ಒಂದಲ್ಲ ಒಂದು ಮುಗೀಲಿ ಅಂತಾನೇ ಇದೀಯ. ಬಿಳಿಯರು ಹೋಗ್ಲಿ ಅಂದೆ, ಹೋದ್ರು. ರಾಣಿ ಹೋಗ್ಲಿ ಅಂದೆ, ಅವಳೂ ಹೋಗ್ತಿದಾಳೆ. ಇನ್ನು ಯಾರು ಹೋಗ್ಬೇಕು ಬೈಡೂ? ನಾವು ಒಬ್ಬೊಬ್ಬರೇ ಅಕೊಲ್ಗೊ ಹಿಂದೆ ಹೋಗ್ಬೇಕಾ?"

ಪುರಸಭೆಯ ಅಧ್ಯಕ್ಷನನ್ನು ಬರೇ ಹೆಸರು ಹಿಡಿದು ಕರೆದದ್ದು ಕೇಳಿ ಆಳು ಬಾಗಿಲಲ್ಲಿ ಉಸಿರು ಹಿಡಿದ. ಬೈಡೂ ಅವನನ್ನು ಕಣ್ಣಿನಲ್ಲೇ ಒಳಗೆ ಅಟ್ಟಿದ. ಸ್ವರ ಇಳಿಸಿದ.

"ನೋಡು. ನಿನ್ನನ್ನ ಮೇಸ್ತ್ರಿ ಮಾಡ್ತೀನಿ. ನಾಳೆಯಿಂದಾನೇ. ಕೋಲು ಹಿಡ್ಕೊಂಡು ತಿರುಗು. ನೀನು ಹೊರೋದು ಬೇಡ."

"ಹೊರೋನು ಇನ್ನೊಬ್ಬ ಇರ್ತಾನಲ್ಲ."

"ಯಾರಾದ್ರೂ ಹೊರಲೇಬೇಕಲ್ಲಯ್ಯ!"

"ಗಣರಾಜ್ಯ ಅಂದ್ರೆ ಏನು? ನೀನೇ ಮೈಕಿನಲ್ಲಿ ಹೇಳ್ತಿದ್ದೆ, ನನಗೆ ಸರಿಯಾಗಿ ಕೇಳಿಸಲಿಲ್ಲ."

ಬೈಡೂ ಬೇಸರದಿಂದ ಹೇಳಿದ: "ರಾಜ ಇಲ್ಲ, ರಾಣಿ ಇಲ್ಲ. ದೇಶ ನಮ್ಮೆಲ್ಲರದು. ಎಲ್ಲಾರೂ ಸಮ."

"ಹಂಗಾದ್ರೆ ಸರದಿ ಹಾಕು. ಯಾರಾದ್ರೂ ಹೊರಲೇಬೇಕು ಅಂದೆಯಲ್ಲ, ಸರಿ. ಇವತ್ತು ನಾನು ಹೊತ್ತೆ. ನಾಳೆ ನೀನು ಹೊರು. ನಾಡಿದ್ದು ವಕೀಲ, ಆಚೆ ನಾಡಿದ್ದು ಪಾದ್ರಿ. ಮತ್ತೆ ನನ್ನ ಸರದಿ ಬಂದಾಗ ಕರೆ. ತಪ್ಪಿಸ್ಕೊಳ್ಳಲ್ಲ, ಬರ್ತೀನಿ."

ಮೊದಲು ಬೈಡೂ ನಕ್ಕ. ಅತಂಪುಗ್ರೆ ನಗಲಿಲ್ಲ. ಆಮೇಲೆ ಬೈಡೂನ ಮುಖ ಕಪ್ಪಿಟ್ಟಿತು.

"ಆವತ್ತು ನೀವು ಬಾನಿ ಇಳಿಸಿದ್ದು ಬಿಳಿಯರ ವಿರುದ್ಧ. ಇವತ್ತು ಇಳಿಸಿದ್ರೆ ಅದು ದೇಶದ್ರೋಹ. ಕೇಳಿದೀಯಾ? ಕಾಯಿದೆ ಇದೆ. ವಿಚಾರಣೆ ಇಲ್ಲ, ವಕೀಲ ಇಲ್ಲ, ಐದು ವರ್ಷ ಒಳಗಿಡಬಹುದು. ನನ್ನ ಕೈಲಿ ಅದನ್ನ ಮಾಡಿಸ್ಬೇಡ, ಪೆಪೆನಿ."

ಆ ಬೈಗುಳ ಬಾಯಿಂದ ಬಿದ್ದ ಮೇಲೆ ಬೈಡೂ ಮುಖ ತಿರುಗಿಸಿದ. ಅತಂಪುಗ್ರೆ ಅಲ್ಲಿಂದ ಇಳಿದು ಬಂದ. ದಾರಿಯಲ್ಲಿ ಕಾಲು ಓಡುತ್ತಿದ್ದವು.

ವಠಾರದಲ್ಲಿ ಎಲ್ಲರೂ ಕೂಡಿದರು. ಅತಂಪುಗ್ರೆ ಆದದ್ದು ಹೇಳಿದ.  ಒಬ್ಬ ಮುದುಕ, ಕತ್ತು ಒಂದು ಕಡೆ ವಾಲಿದವನು, ಬಾಯಿ ತೆರೆದ.

"ತಮ್ಮಾ, ನಮ್ಮನ್ನ ಲಾರಿಗೆ ತುಂಬಿ ಉತ್ತರಕ್ಕೆ ಅಟ್ಟಿದ್ರೆ? ಅಲ್ಲಿ ಈಗ ಹಸಿವಿನ ತಿಂಗಳು. ಕಣಜ ಕೆರೆದ್ರೂ ಕಾಳಿಲ್ಲ. ಹೇಲು ಹೊತ್ರೂ ಮಕ್ಕಳ ಬಾಯಿಗೆ ಮುದ್ದೆ ಹೋಗ್ತದೆ."

"ಹೌದು," ಅಂದ ಇನ್ನೊಬ್ಬ. "ಹಬ್ಬ ಮುಗೀಲಿ. ಆಮೇಲೆ ಕೇಳಾಣ."

"ಹಬ್ಬ ಮುಗಿದ ಮೇಲೆ ನಿನ್ನ ಯಾವನು ಕೇಳ್ತಾನೋ?" ಲಾರಿಬಾ ಒಲೆಯ ಮುಂದಿನಿಂದಲೇ ಕೂಗಿದಳು. "ಈಗ ಅವರಿಗೆ ನೀವು ಬೇಕು. ನೀವು ಕಾಣದ ಊರು ತೋರ್ಸೋದಕ್ಕೇ ಈಗ ನೀವು ಬೇಕು! ಗಂಡಸರು ಕೂತು ಯೋಚನೆ ಮಾಡ್ರಪ್ಪಾ. ನನ್ನ ಹಂಡೆಗೆ ಸೌದೆ ಇಲ್ಲ, ನಾನು ತಂದ್ಕೋತೀನಿ."

ಅವಳು ಮಚ್ಚು ಹಿಡಿದು ತಟ್ಟಿಯ ಹತ್ತಿರ ಹೋದಳು. ಒಂದು ಗೂಟಕ್ಕೆ ಹೊಡೆದಳು. ತೋರಣದ ಸಮೇತ ಒಂದು ಮಗ್ಗುಲು ಬಾಗಿತು. ಮತ್ತೊಬ್ಬ ಹೆಂಗಸು ಬಂದು ಕೈ ಹಾಕಿ ಎಳೆದಳು. ಆಮೇಲೆ ಇನ್ನೊಬ್ಬಳು. ಒಣಗದ ಮಡಲು ಹೊಗೆಯೆಬ್ಬಿಸಿ ಚಟಪಟ ಉರಿಯಿತು. ಕಣ್ಣುರಿಗೆ ಕೆಮ್ಮುತ್ತ, ಬೈಯುತ್ತ, ನಗುತ್ತ ಹೆಂಗಸರು ತಟ್ಟಿಯನ್ನು ಮುರಿದು ಮುರಿದು ಹಂಡೆಯಡಿಗೆ ತುರುಕಿದರು. ಸಂಜೆಯ ಹೊತ್ತಿಗೆ ವಠಾರ ಮತ್ತೆ ರಸ್ತೆಗೆ ಕಂಡಿತು. ಪಿಟೊ ಕುದಿಯಿತು.

ವಾಲಿದ ಕತ್ತಿನ ಮುದುಕ ಆ ಬೆಂಕಿಯನ್ನೇ ನೋಡುತ್ತಿದ್ದ. ಮೊದಲು ಎದ್ದವನು ಅವನೇ. ತನ್ನ ಬಾನಿಯನ್ನು ಎಳೆದುಕೊಂಡು ಕಡಲಿಗೆ ಹೋದ. ಉಳಿದವರೂ ಹೋದರು. ಮರಳು ಹಾಕಿ ತಿಕ್ಕಿದರು. ತುಕ್ಕಿನ ಕೆಳಗೆ ತಗಡು ಎಲ್ಲಿ ಉಳಿದಿತ್ತೋ ಅಲ್ಲಿ ಬೆಳ್ಳಗಾಯಿತು. ಬಾನಿಗಳನ್ನೆಲ್ಲ ಪುರಸಭೆಯ ಮೆಟ್ಟಿಲ ಮೇಲೆ ಬೋರಲು ಹಾಕಿ ಬಂದರು.

ಮೊದಲ ದಿನ ಊರಿಗೆ ತಿಳಿಯಲಿಲ್ಲ. ಎರಡನೆಯ ದಿನ ಜನ ಮೂಗೇರಿಸಿದರು. ಮೂರನೆಯ ದಿನ ಡಬ್ಬಗಳು ತುಂಬಿ ಕಿಂಡಿಗಳಿಂದ ಓಣಿಗೆ ಇಳಿದವು. ನೊಣ ಎದ್ದಿತು. ಮಳೆ ಬಂದು ಎಲ್ಲವನ್ನೂ ದೊಡ್ಡ ರಸ್ತೆಗೆ ತಂದಿತು, ಬಣ್ಣ ಬಳಿದ ಕಂಬಗಳ ಬುಡಕ್ಕೆ. ಪುರಸಭೆ ಬೇರೆ ಆಳು ಹುಡುಕಿತು. ದೋಣಿಯವರು ಮುಖ ತಿರುಗಿಸಿದರು. ಹಡಗುಕಟ್ಟೆಯ ಕೂಲಿಗಳು, "ಅದು ಪೆಪೆನಿ ಕೆಲಸ, ನಮ್ಮದಲ್ಲ," ಎಂದರು.

ಮೀನು ಸುಡುವ ಅರಬಾ, ಕಾಸನ್ನು ನೀರಿಗೆ ಹಾಕಿಸಿಕೊಳ್ಳುತ್ತಿದ್ದವಳು, ಸೆರಗು ಸೊಂಟಕ್ಕೆ ಬಿಗಿದು ವಠಾರದ ಮುಂದೆ ನಿಂತು ಕೂಗಿದಳು. "ಎಲ್ಲೇ ನಿನ್ನ ಗಂಡ? ನನ್ನ ಮನೆ ಡಬ್ಬ ತುಂಬಿ ಅಂಗಳಕ್ಕೆ ಬಂತು!"

"ತುಂಬಿಸಿದೋರು ಯಾರಕ್ಕಾ, ನನ್ನ ಗಂಡಾನಾ?" ಎಂದಳು ಲಾರಿಬಾ.

ಪಿಟೊ ಕುಡಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಅರಬಾ ಸೊಂಟದ ಸೆರಗು ಸಡಿಲಿಸಿದಳು.  ನಿಂತಲ್ಲೇ ನಿಂತು, "ಅವನಿಗೊಂದು ಗಾಡಿ ಕೊಡೋಕೆ ಏನಂತೆ ಇವರಿಗೆ ರೋಗ," ಎಂದು ಗೊಣಗಿ ಹೋದಳು.

ಗಣರಾಜ್ಯದ ಹಿಂದಿನ ಸಂಜೆ ಪೊಲೀಸರು ಬಂದರು. ಹಂಡೆ ಒದ್ದು ಉರುಳಿಸಿದರು. ಕುದಿ ಪಿಟೊ ಅಂಗಳದಲ್ಲಿ ಹರಿಯಿತು. ಗಂಡಸರನ್ನು ಸಾಲಾಗಿ ಕೂರಿಸಿ, ಹೇಳಿಕೊಟ್ಟವನು ಯಾರು ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ಅತಂಪುಗ್ರೆ ಎದ್ದು ನಿಂತ. ಎದ್ದು ನಿಲ್ಲಲು ಅವಸರವಿದ್ದವನಂತೆ ನಿಂತ. ಅವನನ್ನು ಎಳೆದುಕೊಂಡು ಹೋಗುವಾಗ ಲಾರಿಬಾ ಒಬ್ಬ ಪೊಲೀಸನ ತೋಳು ಕಚ್ಚಿದಳು. ಅವನು ಕೊಡವಿ ಬೀಳಿಸಿದ.

ಠಾಣೆಯಲ್ಲಿ ಒಂದು ಕೋಣೆ. ಕಳ್ಳರು, ಕುಡುಕರು, ಸಾಲಗಾರರು, ಅವರ ನಡುವೆ ಅತಂಪುಗ್ರೆ. ಮೂಲೆಯಲ್ಲಿ ಡಬ್ಬ. ಆಚೆ ಪೊಲೀಸರ ಕಕ್ಕಸಿನಲ್ಲೂ ಡಬ್ಬ. ಎರಡೂ ಅಂಚಿಗೆ ಬಂದಿದ್ದವು. ಮುಂಜಾನೆ ಇನ್ಸ್‌ಪೆಕ್ಟರು ಬಂದ. ಹತ್ತು ಗಂಟೆಗೆ ರಾಜಧಾನಿಯ ದೊಡ್ಡವರು ಠಾಣೆಯ ಮುಂದೆ ಗೌರವ ವಂದನೆ ಪಡೆಯುವವರಿದ್ದರು. ಇಸ್ತ್ರಿಯ ಗೆರೆ ಚೂರಿಯಂತಿದ್ದ ಬಟ್ಟೆ ತೊಟ್ಟಿದ್ದ. ಬೀಗ ತೆಗೆಸಿದ.

"ಬರ್ಮಾ, ಎತ್ತು."

"ಇಲ್ಲ."

"ನಿನ್ನ ಕೆಲಸ ಕಣೋ ಇದು!"

"ಆಗಿತ್ತು."

ಬಂದೂಕಿನ ಹಿಡಿ ನೆತ್ತಿಗೆ ಬಿತ್ತು, ಜಡ್ಡುಗಟ್ಟಿದ ಜಾಗಕ್ಕೇ. ಅಲ್ಲಿ ನೋವಾಗುವುದಿಲ್ಲ ಎಂದು ಅವನು ಎಷ್ಟೋ ವರ್ಷದಿಂದ ನಂಬಿದ್ದ. ನೋವಾಯಿತು. ರಕ್ತ ಕಿವಿಯ ಹಿಂದಿನಿಂದ ಇಳಿದು ಬೆನ್ನಿಗೆ ಹರಿಯಿತು. ಈ ಸಲ ಕೈಗಳು ಬಿಡುವಾಗಿದ್ದವು. ಒರೆಸಿಕೊಂಡ.

"ಎತ್ತು."

"ನಾನೊಬ್ಬನೇ ತುಂಬಿಸಿದ್ದಲ್ಲ ಇದು. ನೀನು ಎತ್ತು. ನಾಳೆ ಬೇಕಾದ್ರೆ ನಾನು."

ಮತ್ತೆ ಹೊಡೆದರು. ಬಿದ್ದ. ಬಿದ್ದವನನ್ನು ಎತ್ತಿ ನಿಲ್ಲಿಸಿ ಡಬ್ಬವನ್ನು ತಲೆಯ ಮೇಲಿಡಲು ಹೋದರು. ಅವನು ಕೈ ಕೆಳಗೇ ಬಿಟ್ಟು ನಿಂತ. ಹಿಡಿಯದ ಡಬ್ಬ ವಾಲಿತು. ಇನ್ಸ್‌ಪೆಕ್ಟರು ಹಿಂದಕ್ಕೆ ಜಿಗಿದ. ತನ್ನ ಬಟ್ಟೆಯ ಗೆರೆ ನೋಡಿಕೊಂಡ. ಗಡಿಯಾರ ನೋಡಿದ. ಕಳ್ಳರನ್ನು ಕರೆದ. ಕೋಳಿ ಕಳ್ಳನೊಬ್ಬ, "ಕದ್ದಿದ್ದು ನಿಜ ಒಡೆಯಾ, ಅದಕ್ಕೆ ಜೈಲಿದೆ. ಇದಕ್ಕೆ ನಾನು ಹುಟ್ಟಿಲ್ಲ," ಎಂದು ಗೋಡೆಗೆ ಅಂಟಿಕೊಂಡ. ಆಮೇಲೆ ಇನ್ಸ್‌ಪೆಕ್ಟರು ತನ್ನ ಪೇದೆಗಳ ಕಡೆ ತಿರುಗಿದ. ಅವರೆಲ್ಲ ಒಟ್ಟಿಗೇ ತಮ್ಮ ಮೆಟ್ಟು ನೋಡಿಕೊಂಡರು.

ಆಮೇಲಿನ ಕತೆ ಹೀಗೆ. ಹಬ್ಬ ಮುಗಿದು ಎರಡು ವಾರವಾದರೂ ಊರು ನಾರುತ್ತಲೇ ಇತ್ತು. ಆಗಸ್ಟ್‌ನಲ್ಲಿ ಕೈಗಾಡಿಗಳು ಬಂದವು. ಚಕ್ರದ ಮೇಲೆ ಮುಚ್ಚಳವಿದ್ದ ಪೀಪಾಯಿ. ಗಾಡಿ ನುಗ್ಗದ ಓಣಿಗಳಲ್ಲಿ ಮತ್ತೆಷ್ಟೋ ವರ್ಷ ತಲೆಯೇ ನುಗ್ಗಿತು. ಬಂಗಲೆಗೆ ಮಾತ್ರ ನೀರಿನ ಕಕ್ಕಸು ಬಂತು. ಅತಂಪುಗ್ರೆ ಗಾಡಿಯನ್ನು ನೋಡಲಿಲ್ಲ. ವಿಚಾರಣೆಯಿಲ್ಲದ ಆ ಕಾಯಿದೆಯಲ್ಲಿ ಅವನು ದೂರದ ಕೋಟೆಯೊಂದರ ಕೋಣೆಯಲ್ಲಿದ್ದ. ಲಾರಿಬಾ ವರ್ಷಕ್ಕೆರಡು ಸಲ ಲಾರಿ ಹತ್ತಿ ಹೋಗಿ, ಬಾಗಿಲಲ್ಲಿ ಜಗಳವಾಡಿ, ಮುದ್ದೆ ಕೊಟ್ಟು ಬರುತ್ತಿದ್ದಳು. "ಸಾಕು, ತಪ್ಪಾಯ್ತು ಅಂತ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತು, ಬಿಡ್ತಾರಂತೆ," ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಅವನೂ ಒತ್ತಲಿಲ್ಲ.

ಆದರೆ ಆ ಜುಲೈ ಒಂದರ ಬೆಳಗ್ಗೆ ಇನ್ಸ್‌ಪೆಕ್ಟರ ಬೆರಳು ನಿಂತದ್ದು ಅಗ್ಬೆಕೊ ಎಂಬ ಪೇದೆಯ ಮೇಲೆ. ಪೂರ್ವದ ಕಡೆಯವನು, ಕೆಲಸಕ್ಕೆ ಹೊಸಬ, ವಂದನೆಗೆಂದು ಗುಂಡಿಗಳನ್ನು ಹೊಳೆಯುವಂತೆ ಉಜ್ಜಿದ್ದವನು. ಅವನು ಅಂಗಿ ಬಿಚ್ಚಿಟ್ಟ. ಬಾಯಿಗೆ ಬಟ್ಟೆ ಕಟ್ಟಿದ. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಹೊರಟ. ಹೆಜ್ಜೆ ಹೆಜ್ಜೆಗೂ ತುಳುಕಿತು. ಬಾಗಿಲು ದಾಟುವ ಮೊದಲೇ ಓಕರಿಸಿದ. ಹೊರಗೆ ರಸ್ತೆಯಲ್ಲಿ ಬಾವುಟ ಹಿಡಿದು ಸಾಲುಗಟ್ಟಿದ್ದ ಜನ ಚೆಲ್ಲಾಪಿಲ್ಲಿಯಾಗಿ ಜಾಗ ಬಿಟ್ಟದ್ದು, ಯಾರೋ ಸಿಳ್ಳೆ ಹೊಡೆದದ್ದು, ಮಕ್ಕಳು ಮೂಗು ಹಿಡಿದು ಕೂಗಿದ್ದು ಕೋಣೆಯೊಳಗೆ ಕೇಳಿಸಿತು. ಅವನು ಇನ್ನೊಂದು ಡಬ್ಬಕ್ಕೂ ವಾಪಸು ಬಂದ. ಅದನ್ನೂ ಒಯ್ದ.

ಬ್ಯಾಂಡು ಶುರುವಾಯಿತು. ವಂದನೆಯ ಕೂಗು ಕೇಳಿಸಿತು. ಸಾಲು ಗುಂಡು ಹಾರಿದವು. ಗಣರಾಜ್ಯವಾಯಿತು.

ವಂದನೆಯ ಸಾಲಿಗೆ ಅಗ್ಬೆಕೊನನ್ನು ಸೇರಿಸಿಕೊಳ್ಳಲಿಲ್ಲ. ಅವನು ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಕೈ ತೊಳೆದ. ಮೂಸಿ ನೋಡಿದ. ಮತ್ತೆ ತೊಳೆದ. ಸಾಬೂನು ಮುಗಿಯಿತು. ಮರಳು ತಂದು ಉಜ್ಜಿದ. ಕೊನೆಗೆ ಸರಳಿನೊಳಗಿದ್ದ ಅತಂಪುಗ್ರೆಯ ಕಡೆ ತಿರುಗಿದ. ಬೆಳಗ್ಗೆ ಬಂದೂಕಿನ ಹಿಡಿಯಿಂದ ಅವನ ನೆತ್ತಿ ಒಡೆದವರಲ್ಲಿ ಇವನೂ ಒಬ್ಬ.

"ಇದು ಯಾವಾಗ ಹೋಗುತ್ತೆ, ಅಣ್ಣಾ?"

ಅತಂಪುಗ್ರೆ ಊದಿದ ಕಣ್ಣನ್ನು ಸ್ವಲ್ಪ ತೆರೆದ.

"ಕೈಯಿಂದ ಸಂಜೆಗೆ ಹೋಗುತ್ತೆ. ಊಟಕ್ಕೆ ಕೂತಾಗ ಮತ್ತೆ ಬರುತ್ತೆ."

 ರಸ್ತೆಯಲ್ಲಿ ಜನ ಹಾಡುತ್ತಿದ್ದರು. ಅಗ್ಬೆಕೊ ಮೂಲೆಯ ಖಾಲಿ ಡಬ್ಬ ನೋಡಿದ, ಕೋಣೆ ತುಂಬ ಕೂತಿದ್ದವರನ್ನು ನೋಡಿದ. ಏನೋ ಹೊಳೆದು ಅವನ ಮುಖದಲ್ಲಿ ಗಾಬರಿ ಮೂಡಿತು.

"ನಾಳೆ?" ಎಂದ. "ನಾಳೆ ಇದನ್ನ ಯಾರು ಹೊರ್ತಾರೆ?"

"ನಾವೂ ಅದನ್ನೇ ಕೇಳಿದ್ದು," ಅಂದ ಅತಂಪುಗ್ರೆ.